ಕುಂಕುಮವಿಟ್ಟ ಕಂಡೆನ್ಸರುಗಳು

ನನ್ನ ದೊಡ್ಡವ್ವನ ಜೊತೆ ಗುಟ್ಟು ಮಾತಾಡಲು ಸಾಧ್ಯವೇ ಇಲ್ಲ. ಅವಳಿಗೆ ಕಿವಿ ಮಂದ. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಅವಳ ಮನೆಯ ಜಗಲಿ ಮೇಲೆ ಕೂತು ‘ಊಟ ಆಯ್ತಾ ದೊಡ್ಡವ್ವ?’ ಎಂದು ಕೇಳಿದರೆ ಎದುರುಮನೆಯವರು ‘ಆಯ್ತು, ನಿಮ್ದು?’ ಎನ್ನುತ್ತಾರೆ. ಅಷ್ಟು ಕೂಗಬೇಕು. ಅವಳೂ ಅಷ್ಟೇ. ತನ್ನ ದನಿ ತನಗೇ ಕೇಳದ ಕಾರಣ ಸಣ್ಣಗೆ ಮಾತಾಡುವುದನ್ನು ಮರೆತೇಬಿಟ್ಟಿದ್ದಾಳೆ. ‘ನಿನ್ಗೊಬ್ಬುಂಗೇ ಯೋಳ್ತೀನಿ ಕಣ್ಲಾ’ ಎಂದು ಯಾರದೋ ಸೊಸೆಯ ಸುದ್ದಿ ತೆಗೆದರೆ, ಆ ಸೊಸೆ ತನ್ನ ಮನೆಯ ಕಿಟಕಿ ಹಾಕಿಕೊಳ್ಳುವುದು ನನಗೆ ಇಲ್ಲಿಂದಲೇ ಕಾಣುತ್ತದೆ.

ನಾನು ಹನೂರಿನವನು. ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ ನನ್ನದೊಂದು ರಿಪೇರಿ ಅಂಗಡಿ. ಒಂದು ಕಾಲಕ್ಕೆ ರೇಡಿಯೋ, ಟೇಪ್ ರೆಕಾರ್ಡರ್, ಆಮೇಲೆ ಟೀವಿ. ಈಗ ಮಿಕ್ಸಿ, ಫ್ಯಾನು, ಮೊಬೈಲ್ ಚಾರ್ಜರ್. ಮುಂಗೋಪ ನನ್ನ ಹುಟ್ಟುಗುಣ. ‘ಸೋಲ್ಡರಿಂಗ್ ಐರನ್ ಕಾಯೋಕಾದ್ರೂ ಒಸಿ ಹೊತ್ತು ಬೇಕು, ನಿಮ್ಗೆ ಅದೂ ಬ್ಯಾಡ’ ಎಂದು ನನ್ನ ಹೆಂಡತಿ ಗಿರಾಕಿಗಳ ಮುಂದೆಯೇ ಹೇಳುತ್ತಾಳೆ. ಅವಳು ಹೇಳುವುದರಲ್ಲಿ ಸುಳ್ಳಿಲ್ಲ.

ಹೋದ ವರ್ಷ ಒಂದು ಮದುವೆಗೆಂದು ಕೊಳ್ಳೇಗಾಲಕ್ಕೆ ಹೋದವನು ದೊಡ್ಡವ್ವನನ್ನು ನೋಡಲು ಅವಳ ಮನೆಗೂ ಹೋದೆ. ಅವಳ ಮಗಳು, ಅಂದರೆ ನನ್ನ ತಂಗಿ, ನಡುಮನೆಯಲ್ಲಿ ಕೂತು ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ದೊಡ್ಡವ್ವ ನನ್ನ ಕೈ ಹಿಡಿದು ಒಳಕೋಣೆಗೆ ಎಳೆದುಕೊಂಡು ಹೋದಳು. ಮೂಲೆಯ ಮರದ ಪೆಟ್ಟಿಗೆಯ ಮೇಲೆ ಹಳೇ ಸೀರೆಯ ತುಂಡು ಹೊದ್ದು ಕೂತಿದ್ದ ರೇಡಿಯೋ ತೋರಿಸಿದಳು.

‘ಇದ್ನ ಮಾತಾಡ್ಸು.’

‘ಇದು ಸತ್ತು ಯಾವ ಕಾಲ ಆಯ್ತು! ನಿಂಗೊಂದು ಹೊಸದು ತಂದ್ಕೊಡ್ತೀನಿ ಬಿಡು’ ಎಂದು ಕೂಗಿದೆ.

‘ಒಸದ ನಿನ್ನ ಎಂಡ್ರುಗ್ ಕೊಡು. ನಂಗಿದೇ ಬೇಕು.’ ಆಮೇಲೆ ತನ್ನ ಬಲಗಿವಿಯನ್ನು ಮುಟ್ಟಿ ತೋರಿಸಿದಳು. ‘ಎಡಗಿವಿ ಓಯ್ತು. ಇದ್ರಲ್ಲಿ ಒಸಿ ಅದೆ. ಇದೂ ಓಗೋದ್ರೊಳ್ಗೆ ಅದು ಒಂದ್ಸಲ ಆಡ್ಬೇಕು ಕಣ್ಲಾ. ನಾನ್ ಕೇಳ್ಬೇಕು.’

ತಂಗಿ ಬಾಗಿಲಲ್ಲಿ ನಿಂತು ಮಿಕ್ಕದ್ದನ್ನು ಹೇಳಿದಳು. ಕಾಮಗೆರೆಯ ಆಸ್ಪತ್ರೆಯಲ್ಲಿ ತೋರಿಸಿದ್ದಾರೆ. ಉಳಿದಿರುವುದೂ ನಿಧಾನಕ್ಕೆ ಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ. ಕಿವಿಗೆ ಮಿಷನ್ ಹಾಕಿಸಿದ್ದೂ ಆಯಿತು. ‘ಕಿವಿಯೊಳ್ಗೆ ಜೀರುಂಡೆ ಬುಟ್ಟಂಗಾಯ್ತದೆ’ ಎಂದು ಇವಳು ಅದನ್ನು ಕಿತ್ತು ಅಕ್ಕಿ ಡಬ್ಬದೊಳಗೆ ಇಟ್ಟಿದ್ದಾಳೆ. ಮಗಳು ಮೊಬೈಲಿನಲ್ಲಿ ಹಾಡು ಹಾಕಿಕೊಟ್ಟರೆ ಬೆಳಕು ಮಾತ್ರ ನೋಡಿ ವಾಪಸ್ ಕೊಡುತ್ತಾಳೆ.

ಆ ರೇಡಿಯೋ ನಮ್ಮ ದೊಡ್ಡಪ್ಪ ತಂದದ್ದು. ಗಾಜಿನ ವಾಲ್ವುಗಳ ಕಾಲದ್ದು. ಮುಂಭಾಗಕ್ಕೆ ಬಂಗಾರದ ಬಣ್ಣದ ಬಟ್ಟೆ, ಸುತ್ತ ಹೊಳೆಯುವ ಮರ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಗುಂಡಿಮಗ್ಗ ಅವರ ಮನೆಯದು. ಆ ಮಗ್ಗದ ದಪ್ಪ ಕಂಬಕ್ಕೆ ದೊಡ್ಡಪ್ಪ ಒಂದು ಹಲಗೆ ಹೊಡೆದು, ಅದರ ಮೇಲೆ ರೇಡಿಯೋ ಇಟ್ಟಿದ್ದ. ಬೆಳಿಗ್ಗೆ ಲಾಳಿ ಕೈಗೆ ತೆಗೆದುಕೊಳ್ಳುವ ಮೊದಲೇ ರೇಡಿಯೋ ಹಾಡತೊಡಗುತ್ತಿತ್ತು. ಎಳೆ ಕಡಿದುಹೋದಾಗ ದೊಡ್ಡವ್ವ ಅದನ್ನು ಕಟ್ಟುತ್ತಾ ತಲೆಯನ್ನು ಕಂಬಕ್ಕೆ ಒರಗಿಸಿಕೊಂಡು ಕೇಳುತ್ತಿದ್ದಳು. ಚಿಕ್ಕವನಾಗಿದ್ದಾಗ ರಜೆಗೆ ಹೋದರೆ ನಾನು ಆ ಮಗ್ಗದ ಪಕ್ಕದಲ್ಲೇ ಬಿದ್ದುಕೊಂಡಿರುತ್ತಿದ್ದೆ. ರೇಡಿಯೋ ಕೆಲಸದ ಹುಚ್ಚು ನನಗೆ ಹಿಡಿದದ್ದು ಅಲ್ಲೇ.

ದೊಡ್ಡಪ್ಪ ನಡುವಯಸ್ಸಿನಲ್ಲೇ ಹೋಗಿಬಿಟ್ಟ. ಆಮೇಲೂ ದೊಡ್ಡವ್ವ ಅದೇ ಮಗ್ಗದಲ್ಲಿ ನೇಯ್ದಳು, ಅದೇ ರೇಡಿಯೋ ಕೇಳಿದಳು. ಕೊನೆಕೊನೆಗೆ ಅದು ಹಾಡಿಗಿಂತ ಹೆಚ್ಚಾಗಿ ಗುಂಯ್ ಎನ್ನತೊಡಗಿ, ಒಂದು ದಿನ ಸುಟ್ಟ ವಾಸನೆ ಬಂದು ನಿಂತುಹೋಯಿತು. ಅಷ್ಟು ಹೊತ್ತಿಗೆ ಊರಲ್ಲೆಲ್ಲ ಟೀವಿ ಬಂದಿತ್ತು. ಇದನ್ನು ಯಾರು ಕೇಳಬೇಕು?

ರೇಡಿಯೋವನ್ನು ಕಂಬಳಿಯಲ್ಲಿ ಸುತ್ತಿ ಹೊರಡುವಾಗ ದೊಡ್ಡವ್ವ ನನ್ನ ತೋಳು ಹಿಡಿದು ನಿಲ್ಲಿಸಿದಳು. ‘ಒಳ್ಗಡೆ ಇರೋದ್ನ ಒಂದೂ ಬಿಸಾಕ್ಬ್ಯಾಡ. ತಿಳೀತಾ? ಒಂದೂ ಬ್ಯಾಡ.’

‘ಕೆಟ್ಟಿದ್ದನ್ನ ತೆಗೀದೇ ರಿಪೇರಿ ಹೆಂಗ್ ಮಾಡ್ಲಿ?’ ಎಂದು ಕೂಗಿದೆ.

‘ಅದು ನಿನ್ ಕೆಲ್ಸ’ ಎಂದಳು. ಎದುರುಮನೆಯವರು ನಕ್ಕರು.

ಹನೂರು ಬಸ್ಸಿನಲ್ಲಿ ರೇಡಿಯೋವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಾಮಗೆರೆಯಲ್ಲಿ ಹತ್ತಿದ ಹೆಂಗಸೊಬ್ಬಳು ಕಂಬಳಿಯ ಗಂಟು ನೋಡಿ, ಮಗುವಿಗೆ ಹುಷಾರಿಲ್ಲವೇನೋ ಎಂದುಕೊಂಡು ಕಿಟಕಿ ಹಾಕಿದಳು. ನಾನೂ ಹೌದೆಂಬಂತೆ ತಲೆಯಾಡಿಸಿದೆ.

ಮಾರನೆಯ ದಿನ ಅಂಗಡಿಯಲ್ಲಿ ಹಿಂದಿನ ಹಲಗೆ ಬಿಚ್ಚಿದೆ. ಈ ರೇಡಿಯೋದಲ್ಲಿ ತಗಡಿನ ಚೌಕಟ್ಟನ್ನು ನೆಟ್ಟಗೆ ನಿಲ್ಲಿಸಿ ಕೂರಿಸಿದ್ದಾರೆ. ಹಲಗೆ ತೆಗೆದರೆ ಸಾಕು, ಕಂಡೆನ್ಸರುಗಳೆಲ್ಲ ಎದುರಿಗೇ ಕಾಣುತ್ತವೆ. ಇಂಗ್ಲಿಷ್ ಓದಿದವರು ಈಗ ಕೆಪಾಸಿಟರ್ ಅನ್ನುತ್ತಾರೆ, ನಮಗೆ ಮಾತ್ರ ಅದು ಎಂದೂ ಕಂಡೆನ್ಸರೇ. ಆ ಕಾಲದ್ದು ಬೆರಳುದ್ದದ ರಟ್ಟಿನ ಕೊಳವೆ. ಒಳಗೆ ತೆಳ್ಳನೆಯ ಲೋಹದ ಹಾಳೆ, ನಡುವೆ ಕಾಗದ, ಸುರುಳಿ ಸುತ್ತಿ ಮೇಣ ತುಂಬಿದ್ದು. ಕರೆಂಟು ನೇರವಾಗಿ ನುಗ್ಗದಂತೆ ತಡೆದು, ಹಾಡಿನ ಅಲುಗಾಟವನ್ನು ಮಾತ್ರ ದಾಟಿಸುವುದು ಅದರ ಕೆಲಸ. ವಯಸ್ಸಾದಂತೆ ಕಾಗದಕ್ಕೆ ತೇವ ಇಳಿಯುತ್ತದೆ, ತಡೆಯುವ ಶಕ್ತಿ ಹೋಗುತ್ತದೆ, ತಡೆಯಬೇಕಾದ ಕರೆಂಟು ಸೋರಿ ವಾಲ್ವನ್ನು ಸುಡುತ್ತದೆ. ಹಳೇ ವಾಲ್ವ್ ರೇಡಿಯೋ ಕೈಗೆ ಬಂದರೆ ಮೊದಲು ಇವನ್ನೆಲ್ಲ ಬದಲಾಯಿಸಬೇಕು, ಆಮೇಲೆ ಸ್ವಿಚ್ಚಿನ ಮಾತು.

ಹಲಗೆ ತೆಗೆದವನು ಬಗ್ಗಿ ನೋಡಿದೆ. ಒಳಗೆಲ್ಲ ಕೆಂಪು!

ಒಂದೊಂದು ಕಂಡೆನ್ಸರಿನ ನಡುವೆಯೂ ಕುಂಕುಮದ ಬೊಟ್ಟು. ದಪ್ಪ ಅಲ್ಯೂಮಿನಿಯಂ ಡಬ್ಬಿಯ ಕಂಡೆನ್ಸರಿಗೆ ಕಾಸಗಲದ ಬೊಟ್ಟು. ಎಣ್ಣೆಯಲ್ಲಿ ಕಲಸಿ ಇಟ್ಟದ್ದು, ಒಂದರ ಮೇಲೊಂದು ಪದರ ಬಿದ್ದು ಗಟ್ಟಿಯಾಗಿ ಕೂತಿದೆ. ಕೆಲವು ಕಡೆ ಪುಡಿ ಉದುರಿ ತಂತಿ ಕಟ್ಟಿದ ಜಾಗಕ್ಕೂ ಮೆತ್ತಿಕೊಂಡಿದೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಾವ ಮಹಾನುಭಾವರು ಇಲ್ಲಿಗೆ ಕೈ ಹಾಕಿದ್ದು? ಆ ಡಬ್ಬಿ ಪ್ಲಗ್ ಕಿತ್ತ ಮೇಲೂ ಕರೆಂಟು ಹಿಡಿದಿಟ್ಟುಕೊಂಡಿರುತ್ತದೆ. ಬೆರಳು ತಪ್ಪಿ ಅದರ ಬುಡಕ್ಕೆ ತಗುಲಿದ್ದರೆ ಆಳೇ ಆಚೆಗೆ ಬೀಳಬೇಕಿತ್ತು! ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ಕೈಗೆ ತೆಗೆದುಕೊಂಡು, ಎಲ್ಲವನ್ನೂ ಒರೆಸಿ ಬಿಸಾಕುತ್ತೇನೆ ಎಂದು ಬೈದುಕೊಳ್ಳುತ್ತಿದ್ದಾಗ ಹೆಂಡತಿ ಊಟದ ಡಬ್ಬ ತಂದಳು.

ಅವಳು ಬಗ್ಗಿ ನೋಡಿದಳು. ‘ಒರೆಸ್ಬೇಡಿ, ತಡೀರಿ’ ಎಂದಳು. ‘ಇದು ಒಂದ್ಸಲ ಇಟ್ಟಿದ್ದಲ್ಲ ಕಣ್ರೀ. ವರ್ಷವರ್ಷಾನೂ ಹಬ್ಬದಲ್ಲಿ ಇಟ್ಟಿರೋದು. ಮಗ್ಗಕ್ಕೆ ಇಡ್ತಾರಲ್ಲ, ಹಂಗೆ.’

‘ಮಗ್ಗಕ್ಕೆ ಆಯುಧಪೂಜೇಲಿ ಹೊರಗಡೆ ಇಡ್ತಾರೆ. ರೇಡಿಯೋಗೂ ಮುಂದ್ಗಡೆ ಇಡ್ಲಿ, ಯಾರು ಬ್ಯಾಡ ಅಂದ್ರು? ಹಿಂದ್ಲ ಹಲಗೆ ಬಿಚ್ಚಿ ಒಳಗೆ ಇಡೋ ದರಿದ್ರ ಯಾಕೆ?’ ಎಂದು ರೇಗಿದೆ.

ಅವಳು ಒಂದು ಕಂಡೆನ್ಸರನ್ನು ತೋರಿಸಿದಳು. ಮಿಕ್ಕವೆಲ್ಲ ಮೇಣದ ಕಂದು ಬಣ್ಣ, ಅದೊಂದು ಮಾತ್ರ ಹಳದಿ. ‘ಇದು ಬೇರೆ ಥರ ಅದಲ್ಲ, ಯಾಕೆ?’

ಆಗ ನನ್ನ ಸಿಟ್ಟು ತಟ್ಟನೆ ಇಳಿಯಿತು. ಆ ಹಳದಿ ಕಂಡೆನ್ಸರನ್ನು ಹಾಕಿದ್ದು ನನ್ನ ಗುರುಗಳು. ಯಳಂದೂರಿನಲ್ಲಿ ಅವರ ಅಂಗಡಿ ಇತ್ತು, ನಾನು ಕೆಲಸ ಕಲಿತದ್ದು ಅಲ್ಲೇ. ಒಮ್ಮೆ ದೊಡ್ಡವ್ವನ ರೇಡಿಯೋ ಕೆಟ್ಟಾಗ ಅವರನ್ನು ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದವನು ನಾನು. ದೊಡ್ಡಪ್ಪ ತೀರಿಹೋಗಿ ಆಗ ಒಂದು ವರ್ಷದ ಮೇಲಾಗಿತ್ತು. ಆ ಹಳದಿಯ ಮೇಲೂ ಕುಂಕುಮ ಅಷ್ಟೇ ದಪ್ಪವಾಗಿ ಕೂತಿದೆ. ಅಂದರೆ ದೊಡ್ಡಪ್ಪ ಹೋದ ಮೇಲೆ ಇಟ್ಟದ್ದು.

ದೊಡ್ಡಪ್ಪನ ತಿಥಿಯ ದಿನ ನಾನು ಆ ಮನೆಯಲ್ಲಿದ್ದೆ. ಹಿರಿಯ ಹೆಂಗಸರು ದೊಡ್ಡವ್ವನ ಹಣೆಯ ಕುಂಕುಮ ಅಳಿಸಿದ್ದನ್ನು ಬಾಗಿಲ ಸಂದಿಯಿಂದ ಕಂಡಿದ್ದೇನೆ. ಆಮೇಲಿನ ಆಯುಧಪೂಜೆಯೂ ನೆನಪಿದೆ. ಮಗ್ಗ ತೊಳೆದು, ಲಾಳಿಗಳನ್ನು ಸಾಲಾಗಿ ಇಟ್ಟದ್ದೆಲ್ಲ ಅವಳೇ. ಕುಂಕುಮದ ಬಟ್ಟಲು ಮಾತ್ರ ಚಿಕ್ಕ ಹುಡುಗಿಯಾಗಿದ್ದ ತಂಗಿಯ ಕೈಗೆ ಹೋಯಿತು. ದೊಡ್ಡವ್ವ ಅಡಿಗೆಮನೆ ಬಾಗಿಲಿಗೆ ಒರಗಿ ನಿಂತು ನೋಡಿದಳು. ಆಗ ನನಗೆ ಅದು ಏನೂ ಅನ್ನಿಸಿರಲಿಲ್ಲ, ಎಲ್ಲರ ಮನೆಯಲ್ಲೂ ಹಾಗೇ ನಡೆಯುತ್ತಿತ್ತು.

ಹೊರಗೆ ಇಡಲು ಬಿಡದ ಕುಂಕುಮವನ್ನು ಅವಳು ಯಾರಿಗೂ ಕಾಣದ ಜಾಗದಲ್ಲಿ ಇಟ್ಟಿದ್ದಳೇ? ನನ್ನ ಹೆಂಡತಿಗೆ ಆಗಲೇ ಸಂಶಯವಿರಲಿಲ್ಲ. ‘ಎಂಥಾ ಹೆಂಗಸು ಕಣ್ರೀ!’ ಎಂದು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು. ನನಗೆ ದೊಡ್ಡವ್ವನ ಬಾಯಿಂದಲೇ ಕೇಳಬೇಕು ಅನ್ನಿಸಿತು. ಆದರೆ ಕೇಳುವುದು ಹೇಗೆ? ಫೋನು ಅವಳಿಗೆ ಕೇಳದು. ಎದುರಿಗೆ ಹೋಗಿ ಕೇಳಬೇಕೆಂದರೆ ಕೂಗಬೇಕು. ಇಂಥ ಮಾತನ್ನು ಬೀದಿಗೆಲ್ಲ ಕೇಳುವ ಹಾಗೆ ಕೂಗುವುದುಂಟೇ!

ಹತ್ತಿಯನ್ನು ಕೆಳಗಿಟ್ಟೆ. ‘ಒಂದೂ ಬಿಸಾಕ್ಬ್ಯಾಡ’ ಎಂದಿದ್ದು ಯಾಕೆಂದು ಈಗ ತಿಳಿಯಿತು. ಹಾಗಾದರೆ ಉಳಿದದ್ದು ಒಂದೇ ದಾರಿ. ಹಳೇ ಕಂಡೆನ್ಸರಿನ ಹೊಟ್ಟೆಯನ್ನು ಖಾಲಿ ಮಾಡಿ, ಹೊಸದನ್ನು ಅದರೊಳಗೆ ಕೂರಿಸಿ ಬಾಯಿ ಮುಚ್ಚುವುದು. ಹಳೇ ರೇಡಿಯೋ ಸಂಗ್ರಹಿಸುವವರು ಚಂದಕ್ಕಾಗಿ ಹೀಗೆ ಮಾಡುತ್ತಾರೆ. ಹೊಸ ಕಂಡೆನ್ಸರ್ ಹಳೆಯದರ ಅರ್ಧದಷ್ಟೂ ಇರುವುದಿಲ್ಲವಾದ್ದರಿಂದ ಜಾಗಕ್ಕೆ ತೊಂದರೆಯಿಲ್ಲ. ಅವರಾದರೆ ಬಿಸಿಗಾಳಿ ಬಿಟ್ಟು ಮೇಣ ಕರಗಿಸಿ ಒಳಗಿನದನ್ನು ಒಂದೇ ಸಲಕ್ಕೆ ಜಾರಿಸಿಬಿಡುತ್ತಾರೆ. ನಾನು ಬಿಸಿ ತೋರಿಸಿದರೆ ಮೇಲಿನ ಕುಂಕುಮವೂ ಕರಗಿ ಇಳಿಯುತ್ತದೆ. ತಣ್ಣಗಿರುವಾಗಲೇ ಕೊರೆಯಬೇಕಿತ್ತು.

ಮುಂಗೋಪಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಮಧ್ಯಾಹ್ನ ಗಿರಾಕಿ ಕಡಿಮೆಯಾದ ದಿನ ಮಾತ್ರ ಒಂದು ಕಂಡೆನ್ಸರ್ ಬಿಚ್ಚುತ್ತಿದ್ದೆ. ಡ್ರಿಲ್ಲಿನ ಸಣ್ಣ ಕಡ್ಡಿಯನ್ನು ಬೆರಳಲ್ಲೇ ಹಿಡಿದು, ಒಂದು ತುದಿಯಿಂದ ತಿರುವಿ ತಿರುವಿ ಒಳಗಿನ ಮೇಣ, ಕಾಗದ, ಲೋಹದ ಚೂರುಗಳನ್ನು ಕೆರೆದು ತೆಗೆಯುತ್ತಿದ್ದೆ. ಸ್ವಲ್ಪ ಜೋರು ಮಾಡಿದರೆ ರಟ್ಟು ಬಿರಿಯುತ್ತದೆ. ಹೆಂಡತಿ ಬೊಟ್ಟಿಗೆ ಕೈ ತಾಗದ ಹಾಗೆ ಎರಡು ತುದಿಯಲ್ಲಿ ಕೊಳವೆಯನ್ನು ಹಿಡಿದುಕೊಳ್ಳುತ್ತಿದ್ದಳು. ‘ನಿಧಾನ, ನಿಧಾನ. ಇದು ಮಿಕ್ಸಿ ಅಲ್ಲ’ ಎಂದು ಮಧ್ಯೆ ಮಧ್ಯೆ ಚುಚ್ಚುತ್ತಿದ್ದಳು. ಒಳಗೆ ಹೊಸದನ್ನು ಕೂರಿಸಿ, ಬಾಯಿ ಮುಚ್ಚಲು ಜೇನುಮೇಣ ಹಾಕಿದೆ. ಫ್ಯಾನು ರಿಪೇರಿಗೆ ಬರುವ ಲೊಕ್ಕನಹಳ್ಳಿಯ ರೈತರೊಬ್ಬರು ಕಾಡಿನ ಕಡೆಯಿಂದ ಸಿಕ್ಕ ಮೇಣ ಅಂತ ತಂದುಕೊಟ್ಟಿದ್ದರು. ಒಂದನ್ನು ಮುಗಿಸಿ ಅದರ ಜಾಗಕ್ಕೆ ಬೆಸುಗೆ ಹಾಕಿದ ಮೇಲೆಯೇ ಇನ್ನೊಂದನ್ನು ಬಿಚ್ಚುತ್ತಿದ್ದೆ. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಯಾವ ತಂತಿ ಎಲ್ಲಿಗೆ ಅನ್ನುವುದೇ ಮರೆತುಹೋಗುತ್ತದೆ.

ಅಲ್ಯೂಮಿನಿಯಂ ಡಬ್ಬಿಯನ್ನು ಕೊರೆಯಲಿಲ್ಲ. ಅದನ್ನು ಅದರ ಜಾಗದಲ್ಲೇ ಸುಮ್ಮನೆ ಕೂರಲು ಬಿಟ್ಟು, ತಂತಿಗಳನ್ನು ಮಾತ್ರ ಬಿಡಿಸಿ, ಹೊಸ ಕಂಡೆನ್ಸರುಗಳನ್ನು ಚೌಕಟ್ಟಿನ ಮೂಲೆಯಲ್ಲಿ ಕಟ್ಟಿದೆ. ಗುರುಗಳ ಹಳದಿ ಕಂಡೆನ್ಸರನ್ನು ಮೀಟರಿಗೆ ಹಿಡಿದು ನೋಡಿದರೆ ಇನ್ನೂ ಗಟ್ಟಿಮುಟ್ಟಾಗಿತ್ತು. ಆ ಕೈಯ ಬೆಸುಗೆಯನ್ನು ನೋಡಬೇಕು ನೀವು! ಇಷ್ಟು ವರ್ಷದ ಮೇಲೂ ಹೊಳಪು ಹೋಗಿರಲಿಲ್ಲ. ಅದನ್ನು ಮುಟ್ಟಲಿಲ್ಲ.

ಒಂದೇ ಒಂದು ಕಂಡೆನ್ಸರ್ ತೊಡಕಾಯಿತು. ಎಷ್ಟರದ್ದು ಎಂದು ಮೈಮೇಲೆ ಅಚ್ಚಾಗಿರುವ ಅಂಕಿ ಸರಿಯಾಗಿ ಬೊಟ್ಟಿನ ಕೆಳಗೆ ಬಿದ್ದಿತ್ತು. ಕುಂಕುಮ ಕೆರೆದರೆ ಅಂಕಿ ಸಿಗುತ್ತದೆ. ಕೆರೆಯಲು ಕೈ ಬರಲಿಲ್ಲ. ಗುರುಗಳ ಮನೆಯಲ್ಲಿ ಇದೇ ಮಾದರಿಯ ರೇಡಿಯೋ ಒಂದಿತ್ತು ಅನ್ನುವುದು ನೆನಪಾಗಿ ಯಳಂದೂರಿಗೆ ಹೊರಟೆ. ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿದರೂ ದೊಡ್ಡವ್ವನ ಮನೆ ಕಡೆ ಸುಳಿಯಲಿಲ್ಲ, ನನ್ನ ಬಾಯಿಯ ಮೇಲೆ ನನಗೇ ನಂಬಿಕೆಯಿರಲಿಲ್ಲ. ಕುಂತೂರಿನ ಹತ್ತಿರ ಕಬ್ಬಿನ ಟ್ರಾಕ್ಟರುಗಳ ಹಿಂದೆ ಸಿಕ್ಕಿಹಾಕಿಕೊಂಡು ಡ್ರೈವರಿಗಿಂತ ಹೆಚ್ಚಾಗಿ ನಾನೇ ಬೈದೆ.

ಗುರುಗಳು ತೀರಿಕೊಂಡು ಬಹಳ ಕಾಲವಾಯಿತು. ಅವರ ಮಗಳು ಅದೇ ಮನೆಯಲ್ಲಿದ್ದಾರೆ. ಅಪ್ಪನ ರೇಡಿಯೋವನ್ನು ಅವರೇ ಅಟ್ಟದಿಂದ ಇಳಿಸಿ ಕೊಟ್ಟರು. ಬೇಕಾದ ಅಂಕಿ ಸಿಕ್ಕಿತು. ಕಾಫಿ ಕುಡಿಯುತ್ತಾ, ಕೊಳ್ಳೇಗಾಲದ ಒಂದು ರೇಡಿಯೋಗೆ ಕುಂಕುಮ ಇಟ್ಟಿದ್ದಾರೆ ಎಂದಷ್ಟೇ ಹೇಳಿದೆ. ಅವರ ಕಣ್ಣು ಅರಳಿತು.

‘ಒಳ್ಗಡೆ ಇಟ್ಟಿದ್ದಾ ಸಾ? ಅಪ್ಪ ಒಂದ್ಸಲ ಅದನ್ನ ಅಮ್ಮನ್ ಹತ್ರ ಹೇಳ್ತಿದ್ರು, ನಂಗ್ ಚೆನ್ನಾಗ್ ನೆಪ್ಪದೆ. ಒಂದ್ ಮನೇಲಿ ರೇಡಿಯೋ ಹೊಟ್ಟೇಲಿ ಯಾರೋ ಬೊಟ್ಟಿಟ್ಟವರೆ, ನಾನ್ ನೋಡ್ದೇ ಇರೋನಂಗೆ ಹಲಗೆ ಮುಚ್ಚಿ ಬಂದೆ ಅಂದ್ರು. ಯಾವ ಮನೆ ಅಂತ ಅಮ್ಮ ಎಷ್ಟ್ ಕೇಳಿದ್ರೂ ಹೇಳ್ನಿಲ್ಲ.’

ಆ ದಿನ ಚೀಲ ಹಿಡಿದುಕೊಂಡು ಅವರ ಜೊತೆ ಹೋಗಿದ್ದವನು ನಾನು. ನನಗೂ ಅವರು ಹೇಳಿರಲಿಲ್ಲ. ಹಲಗೆ ಬಿಚ್ಚುವಾಗ ‘ಹೋಗಿ ಟೀ ತಕಂಡು ಬಾ’ ಎಂದು ನನ್ನನ್ನು ಬೀದಿಗೆ ಕಳಿಸಿದ್ದರೋ ಏನೋ. ವಾಪಸ್ ಬರುವಾಗ ದಾರಿಯುದ್ದಕ್ಕೂ ಅವರನ್ನೇ ನೆನೆದೆ. ಕಂಡದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದನ್ನೂ ಅವರಿಂದ ಕಲಿಯಬೇಕಿತ್ತು, ನಾನು ಬರೀ ಬೆಸುಗೆ ಕಲಿತೆ.

ಕೊನೆಯ ಕಂಡೆನ್ಸರೂ ಕೂರುವ ಹೊತ್ತಿಗೆ ಎರಡು ತಿಂಗಳ ಮೇಲಾಗಿತ್ತು. ಸುಟ್ಟಿದ್ದ ವಾಲ್ವಿಗೆ ಬದಲು ನನ್ನ ಹಳೇ ಡಬ್ಬದಲ್ಲಿ ಒಂದಿತ್ತು. ರೇಡಿಯೋಗೆ ಕರೆಂಟು ಹೋಗುವ ದಾರಿಯಲ್ಲಿ ಒಂದು ಹಳೇ ಬಲ್ಬು ಸೇರಿಸಿದೆ. ಒಳಗೆಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿಯುತ್ತದೆ, ರೇಡಿಯೋ ಬಚಾವಾಗುತ್ತದೆ. ಸ್ವಿಚ್ ಒತ್ತಿದೆ. ಬಲ್ಬು ಧಗ್ಗೆಂದಿತು. ಆಮೇಲೆ ಬಲ್ಬು ನಿಧಾನಕ್ಕೆ ಮಂಕಾಗಿ ಕೆಂಪಗೆ ನಿಂತಿತು. ವಾಲ್ವುಗಳು ಒಂದೊಂದಾಗಿ ಕಾವೇರಿದವು. ಬಲ್ಬು ತೆಗೆದು ಪೂರ್ತಿ ಕರೆಂಟು ಕೊಟ್ಟೆ. ಗುಂಯ್ ಸದ್ದಿಲ್ಲ. ಮುಳ್ಳು ತಿರುಗಿಸಿದೆ. ಬೆಂಗಳೂರು ಸಿಕ್ಕಿತು! ಯಾರೋ ಗಂಡಸು ಹಿಪ್ಪುನೇರಳೆ ಸೊಪ್ಪಿಗೆ ಬರುವ ರೋಗದ ಬಗ್ಗೆ ತುಂಬು ದನಿಯಲ್ಲಿ ಹೇಳುತ್ತಿದ್ದ. ಆ ದನಿಯ ಮೈಕಟ್ಟು ಏನು, ಆ ಗಾಂಭೀರ್ಯ ಏನು! ಮೊಬೈಲಿನ ಕೀರಲು ಕೇಳಿ ಕೇಳಿ ನಮ್ಮ ಕಿವಿಯೇ ಚಿಕ್ಕದಾಗಿತ್ತು. ರೋಗದ ಮಾತು ಕೇಳಿ ನಾವಿಬ್ಬರೂ ಮಕ್ಕಳ ಹಾಗೆ ನಕ್ಕೆವು.

ಮಾರನೆಯ ದಿನ ಬೆಳಿಗ್ಗೆ ಕೊಳ್ಳೇಗಾಲಕ್ಕೆ ಹೋದೆವು. ನಡುಮನೆಯ ಮೇಜಿನ ಮೇಲೆ ರೇಡಿಯೋ ಇಟ್ಟು, ಕಿಟಕಿಯಿಂದಾಚೆಗೆ ಏರಿಯಲ್ ತಂತಿ ಎಳೆದೆ. ದೊಡ್ಡವ್ವ ಸ್ನಾನ ಮಾಡಿ ಒಗೆದ ಸೀರೆ ಉಟ್ಟು ಬಂದು ಕೂತಳು. ಸ್ವಿಚ್ ಹಾಕಿದೆ. ಹಾಡು ಬಂತು, ಹಳೇ ಭಾವಗೀತೆ. ತಂಗಿ ಕುಚ್ಚು ಬಿಟ್ಟು ಎದ್ದು ಬಂದಳು. ಎದುರುಮನೆಯವರು ಬಂದರು.

ದೊಡ್ಡವ್ವ ಬಲಗಿವಿಯನ್ನು ರೇಡಿಯೋದ ಬಟ್ಟೆಗೆ ಹತ್ತಿಸಿ ಕೂತಳು. ನಾನು ಸೌಂಡು ಏರಿಸಿದೆ. ಇನ್ನೂ ಏರಿಸಿದೆ. ಅವಳು ಕಣ್ಣು ಮುಚ್ಚಿ ತೆರೆದಳು. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು.

‘ಎಲ್ರೂ ಕೇಳ್ತಾವ್ರೆ’ ಎಂದಳು. ‘ನಂಗ್ ಏನೋ ಗಾಳಿ ಬೀಸ್ದಂಗಾಯ್ತದೆ, ಅಷ್ಟೇಯ.’

ಆ ಕ್ಷಣದಲ್ಲಿ ಆ ರೇಡಿಯೋವನ್ನು ಎತ್ತಿ ಬೀದಿಗೆ ಎಸೆಯಬೇಕು ಅನ್ನಿಸಿತು. ತಡವಾಗಿತ್ತು. ನಾನು ಒಂದೊಂದೇ ಕೊಳವೆ ಕೊರೆಯುತ್ತಾ ಕೂತಿದ್ದಾಗ ಇಲ್ಲಿ ಆ ಬಲಗಿವಿಯೂ ಹೊರಟುಹೋಗಿತ್ತು. ಬೇಗ ಬೇಗ ಕಿತ್ತು ಹೊಸದು ಹಾಕಿದ್ದರೆ ವಾರದಲ್ಲಿ ಮುಗಿಯುತ್ತಿತ್ತಲ್ಲ ಎಂದು ನನ್ನನ್ನೇ ಬೈದುಕೊಂಡೆ. ತಂಗಿ ಅತ್ತಳು. ಎದುರುಮನೆಯವರು ಮೆಲ್ಲಗೆ ಎದ್ದು ಹೋದರು. ನನ್ನ ಹೆಂಡತಿ ರೇಡಿಯೋ ಆರಿಸಲು ಕೈ ಚಾಚಿದಳು.

ದೊಡ್ಡವ್ವ ಆ ಕೈಗೆ ಪಟ್ಟನೆ ಹೊಡೆದಳು. ‘ಅಲ್ಲಿಗ್ ತಕಂಡ್ ಬಾ’ ಎಂದು ಒಳಕೋಣೆಯ ಕಡೆ ಕೈ ತೋರಿಸಿದಳು.

ಒಳಕೋಣೆಯಲ್ಲಿ ಹಳೇ ಮಗ್ಗ ಹಾಗೇ ಇತ್ತು. ನೇಯುವುದು ನಿಂತ ಮೇಲೆ ಅದರ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ತಂಗಿ ಬಟ್ಟೆಗಳನ್ನು ಬಾಚಿ ತೆಗೆದಳು. ಕಂಬಕ್ಕೆ ದೊಡ್ಡಪ್ಪ ಹೊಡೆದ ಹಲಗೆಯ ಮೇಲೆ ರೇಡಿಯೋ ಇಟ್ಟು, ತಂತಿಗಳನ್ನು ಜೋಡಿಸಿ ಮತ್ತೆ ಹಾಡಿಸಿದೆ. ದೊಡ್ಡವ್ವ ಗುಂಡಿಗೆ ಕಾಲು ಇಳಿಬಿಟ್ಟು ತನ್ನ ಜಾಗದಲ್ಲಿ ಕೂತಳು. ಕಂಬಕ್ಕೆ ಕೆನ್ನೆ ಒತ್ತಿ, ಹಲ್ಲು ಕಚ್ಚಿ, ಕಣ್ಣು ಮುಚ್ಚಿದಳು.

ಮೊದಲು ಅಲುಗಿದ್ದು ಅವಳ ಕಾಲು. ಗುಂಡಿಯೊಳಗೆ, ನೇಯುವಾಗ ತುಳಿಯುವ ಹಲಗೆಯ ಮೇಲೆ ಅವಳ ಹೆಬ್ಬೆರಳು ಹಾಡಿನ ತಾಳಕ್ಕೆ ಸರಿಯಾಗಿ ಬೀಳತೊಡಗಿತು.

‘ಬಂತು’ ಎಂದಳು. ‘ಬಂತು ಕಣ್ಲಾ, ಬಂತು!’

ಕಿವಿಯ ದಾರಿ ಮುಚ್ಚಿದರೂ ಮರದಿಂದ ಮೂಳೆಗೆ ದಾರಿ ಇತ್ತು. ನಾನು ಕೂಗುವುದಕ್ಕೆ ಬಾಯಿ ತೆರೆದೆ. ಅವಳು ಬೇಡವೆಂದು ಕೈಯಾಡಿಸಿ, ಕಂಬದ ಆಚೆ ಬದಿಯನ್ನು ತಟ್ಟಿ ತೋರಿಸಿದಳು. ‘ಕೂಗಬ್ಯಾಡ. ಅಲ್ಲಿ ಗಲ್ಲ ಕೊಟ್ಟು ಮಾತಾಡು. ನಿಮ್ ದೊಡ್ಡಪ್ಪ ಅಂಗೇ ಮಾತಾಡೋರು. ಮಗ್ಗುದ್ ಸದ್ದುಲಿ ಇನ್ನೆಂಗ್ ಕೇಳಾದು? ಬೀದಿ ತುಂಬ ಮಗ್ಗ ಒಡೀತಿದ್ವು, ನಮ್ ಮಾತು ಈ ಕಂಬುದಲ್ಲೇ ಆಯ್ತಿತ್ತು.’

ರೇಡಿಯೋದ ಸೌಂಡು ತಗ್ಗಿಸಿ, ಕಂಬದ ಆಚೆ ಬದಿಗೆ ಮಂಡಿಯೂರಿದೆ. ಗಲ್ಲವನ್ನು ಕಂಬಕ್ಕೆ ಒತ್ತಿದೆ. ದೊಡ್ಡಪ್ಪನ ಗಲ್ಲ ಮುಟ್ಟಿ ಮುಟ್ಟಿ ಆ ಜಾಗ ನುಣ್ಣಗಾಗಿತ್ತು. ಎಷ್ಟೋ ವರ್ಷದ ಮೇಲೆ ಮೊದಲ ಸಲ ದೊಡ್ಡವ್ವನ ಹತ್ತಿರ ಸಣ್ಣ ದನಿಯಲ್ಲಿ ಮಾತಾಡಿದೆ.

‘ದೊಡ್ಡವ್ವ, ರೇಡಿಯೋ ಒಳಗೆ ಕುಂಕುಮ ಇಟ್ಟಿದ್ದು ನೀನೇನಾ?’

‘ನಾನೇ ಕಣ್ಲಾ!’ ಎಂದಳು, ಬೀದಿಯ ಕೊನೆಯ ಮನೆಗೂ ಕೇಳುವಷ್ಟು ಜೋರಾಗಿ. ‘ಇನ್ಯಾರ್ ಇಕ್ಕಾರು? ಅಣೆಗ್ ಇಕ್ಕಬ್ಯಾಡ ಅಂದ್ರು, ಬುಟ್ಟೆ. ಮಗ್ಗಕ್ ಇಕ್ಕಬ್ಯಾಡ ಅಂದ್ರು, ಬುಟ್ಟೆ. ನೇಯಕ್ಕೆ ನಾನ್ ಬೇಕು, ಕುಂಕುಮ ಇಕ್ಕಕ್ಕೆ ಬ್ಯಾಡ್ವಾ? ಅದ್ಕೇ ಪ್ಲಗ್ ಕಿತ್ತಾಕಿ ಒಳ್ಗಡೆ ಇಕ್ದೆ. ಅಲ್ಲಿ ಯಾವನ್ ಬಂದ್ ನೋಡಾನು?’

ತಂಗಿ ಕೈಯಲ್ಲಿದ್ದ ಬಟ್ಟೆಗಳ ಸಮೇತ ಗುಂಡಿಯ ಅಂಚಿಗೆ ಬಂದು ಕೂತಳು. ವರ್ಷವರ್ಷವೂ ಆ ಬಟ್ಟಲು ಹಿಡಿದು ಮಗ್ಗಕ್ಕೆ ಕುಂಕುಮ ಇಡುತ್ತಿದ್ದವಳು ಅವಳು. ಅವಳಿಗೆ ಇದು ಗೊತ್ತೇ ಇರಲಿಲ್ಲ. ಹೊರಗೆ ಎದುರುಮನೆಯವರ ಸದ್ದು ನಿಂತುಹೋಗಿತ್ತು. ದೊಡ್ಡವ್ವ ಯಾರ ಕಡೆಗೂ ನೋಡಲಿಲ್ಲ. ಕಂಬದ ಈಚೆಯಿಂದ ಬಗ್ಗಿ ನನ್ನ ಮುಖವನ್ನಷ್ಟೇ ನೋಡಿದಳು. ಅವಳ ದನಿ ಈಗ ತಾನಾಗಿಯೇ ತಗ್ಗಿತ್ತು.

‘ನೀ ಅಳಿಸ್ನಿಲ್ಲ ತಾನೇ?’

ನಾನು ಮತ್ತೆ ಗಲ್ಲವನ್ನು ಕಂಬಕ್ಕೆ ಕೊಟ್ಟೆ. ‘ಇಲ್ಲ ದೊಡ್ಡವ್ವ. ಒಂದೂ ಅಳಿಸಿಲ್ಲ.’

‘ಅಂಗಾರೆ ಸರಿ. ಸೌಂಡ್ ಕೊಡು’ ಎಂದು ಅವಳು ಕೆನ್ನೆಯನ್ನು ಮತ್ತೆ ಕಂಬಕ್ಕೆ ಒತ್ತಿಕೊಂಡಳು.